ಮನೆಯ ಮೂರನೇ ಬಾಯಿ

ನಮ್ಮ ಮನೆಯಲ್ಲಿ ಅಪ್ಪನ ಬಡಿಗೆಗೆ ಅದರದೇ ಒಂದು ಜಾಗವಿತ್ತು. ಪಡಸಾಲೆಯ ಬಲಮೂಲೆ, ಬೀರಪ್ಪ ದೇವರ ಗೂಡಿನ ಪಕ್ಕ. ಅಲ್ಲಿ ಬೇರೆ ಯಾರೂ ಏನನ್ನೂ ಇಡುವಂತಿರಲಿಲ್ಲ. ಒಮ್ಮೆ ಅವ್ವ ಮರೆತು ಕಸಬರಿಗೆ ಇಟ್ಟು ಬೆನ್ನಿನ ಮೇಲೆ ಅದರ ಏಟು ತಿಂದಿದ್ದಳು. ಕುರಿ ಕಾಯುವವರ ಬಡಿಗೆ ಅದು, ನನ್ನ ಎತ್ತರಕ್ಕಿಂತ ಎರಡು ಪಟ್ಟು ಉದ್ದ, ಎಣ್ಣೆ ಕುಡಿದು ಕಪ್ಪಾದದ್ದು. ಅದರಿಂದ ಅಪ್ಪ ಒಂದು ಕುರಿಗೂ ಹೊಡೆದದ್ದನ್ನು ನಾನು ಕಾಣೆ. ನೆಲಕ್ಕೆ ಎರಡು ಸಲ ಕುಟ್ಟಿ ನಾಲಿಗೆಯಲ್ಲಿ ಟಕ್ ಟಕ್ ಎಂದರೆ ಇಡೀ ಹಿಂಡು ತಿರುಗುತ್ತಿತ್ತು. ಕುರಿಯ ಕಾಲಿಗೆ ಮುಳ್ಳು ಚುಚ್ಚಿದರೆ ಅಂಗೈಯಲ್ಲಿ ಹಿಡಿದು ಹಲ್ಲಿನಿಂದ ಕಿತ್ತು ತೆಗೆಯುತ್ತಿದ್ದ ಮನುಷ್ಯ. ಅಷ್ಟು ಮೆತ್ತಗಿನ ಕೈ ಹೊಸಿಲು ದಾಟಿದ ಕೂಡಲೇ ಬೇರೆಯಾಗುತ್ತಿತ್ತು. ಯಾಕೆ ಎಂದು ನನ್ನನ್ನು ಕೇಳಬೇಡಿ, ಎಂಬತ್ತು ದಾಟಿದ ಮೇಲೂ ನನಗೆ ತಿಳಿದಿಲ್ಲ.

ದಾಳಿಂಬ ಎಂಬ ಊರಿನ ಆಚೆ, ಕಪ್ಪು ಹೊಲಗಳ ನಡುವೆ ಹತ್ತು ಹನ್ನೆರಡು ಮನೆಗಳ ಕೇರಿ ನಮ್ಮದು. ಈಗ ಅಲ್ಲೆಲ್ಲ ಸೋಯಾಬೀನ್, ಮನೆಗೊಂದು ಟ್ರ್ಯಾಕ್ಟರು. ಆಗ ಜೋಳ, ತೊಗರಿ, ಮತ್ತು ನಮ್ಮಂಥವರ ಕುರಿ. ಕಲ್ಲು ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಮುಂದೆ ಪಡಸಾಲೆ, ಒಳಗೆ ಒಲೆಯ ಕೋಣೆ, ಹಿತ್ತಲಲ್ಲಿ ಮುಳ್ಳುಬೇಲಿಯ ಕುರಿಹಟ್ಟಿ. ಇದ್ದವರು ನಾಲ್ಕು ಜನ: ಅಪ್ಪ, ಅವ್ವ, ಆಯಿ, ನಾನು. ಆಯಿ ಎಂದರೆ ಅಪ್ಪನ ತಾಯಿ. ನಮ್ಮ ಕಡೆಯ ಕನ್ನಡದ ಮನೆಗಳಲ್ಲಿ ಅಜ್ಜಿಗೆ ಆಯಿ ಎನ್ನುತ್ತೇವೆ, ಹೆತ್ತವಳು ಅವ್ವ. ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ನಿಜಾಮನ ರಾಜ್ಯ ಮುಗಿದು ಬಹಳ ದಿನವಾಗಿರಲಿಲ್ಲ. ಮನೆಯಲ್ಲಿ ಕನ್ನಡ, ಉಮರ್ಗಾದ ಬಜಾರಿನಲ್ಲಿ ಮರಾಠಿ, ಕಚೇರಿಯ ಹಳೆಯ ಕಾಗದಗಳಲ್ಲಿ ಉರ್ದು. ಗಂಡಸರು ಮೂರನ್ನೂ ಕಲಸಿ ಆಡುತ್ತಿದ್ದರು. ಹಟ್ಟಿ ಬಿಟ್ಟು ಹೊರಗೆ ಹೋಗದ ನನಗೆ ಮರಾಠಿಯಲ್ಲಿ ಬರುತ್ತಿದ್ದದ್ದು ಹೋ, ನಾಹಿ, ಪಾಣಿ, ಇಕಡೆ ಯೇ, ಅಂದರೆ ಹೌದು, ಇಲ್ಲ, ನೀರು, ಇಲ್ಲಿ ಬಾ, ಇಷ್ಟೇ.

ಹೊಡೆತಕ್ಕೆ ಇಂಥದೇ ಕಾರಣ ಎಂದಿರಲಿಲ್ಲ. ಒಂದು ಮರಿ ತಪ್ಪಿಸಿಕೊಂಡರೆ, ಉಣ್ಣೆ ಮಳೆಗೆ ತೊಯ್ದರೆ, ನೆರೆಯವನು ಬಜಾರಿನಲ್ಲಿ ಏನಾದರೂ ಅಂದಿದ್ದರೆ ಅದು ಅವ್ವನ ಮೈಮೇಲೆ ಬಂದು ಮುಗಿಯುತ್ತಿತ್ತು. ಒಂದು ಮಧ್ಯಾಹ್ನ ಅವ್ವ ಒಲೆಯ ಮುಂದೆ ಜೋಳದ ಹಿಟ್ಟು ನಾದುತ್ತಿದ್ದಳು. ಅಪ್ಪ ಗಂಗಾಳದ ಮುಂದೆ ಕೂತಿದ್ದ.

"ರೊಟ್ಟಿ ತಣ್ಣಗಾಗ್ಯಾವ."

"ನೀವು ಹೊತ್ತು ಮಾಡಿ ಬಂದೀರಿ. ತಡೀರಿ, ಬಿಸಿ ಕೊಡ್ತೀನಿ."

ಇದರಲ್ಲಿ ಸಿಟ್ಟಿಗೇಳುವಂಥದು ಏನಿದೆ ಎಂದು ನಾನು ಈಗಲೂ ಹುಡುಕುತ್ತೇನೆ. ಅಪ್ಪ ಕೈಯಲ್ಲಿದ್ದ ತುಂಬಿದ ತಂಬಿಗೆಯಿಂದ ಅವಳ ಬಾಯಿಗೆ ಹೊಡೆದ. ಮುಂದಿನ ಹಲ್ಲು ಹಿಟ್ಟಿನ ಪರಾತದಲ್ಲಿ ಬಿತ್ತು. ಅವ್ವ ಅಳಲಿಲ್ಲ. ಹಲ್ಲನ್ನು ಹೆಕ್ಕಿ ಸೆರಗಿನ ತುದಿಗೆ ಕಟ್ಟಿಕೊಂಡಳು, ರಕ್ತ ಹತ್ತಿದಷ್ಟು ಹಿಟ್ಟನ್ನು ಚಿವುಟಿ ಒಲೆಗೆ ಹಾಕಿದಳು, ಉಳಿದದ್ದನ್ನು ತಟ್ಟಿ ಹಂಚಿನ ಮೇಲೆ ಹಾಕಿದಳು. ಆ ಬಿಸಿ ರೊಟ್ಟಿಯನ್ನು ಅವನು ಉಂಡ. ನಾನೂ ಉಂಡೆ, ಹಸಿವಾಗಿತ್ತು.

ಆಯಿಯ ಕೆಲಸ ಕದ ಹಾಕುವುದು. ಒಳಗೆ ಬಡಿತ ಶುರುವಾದ ಕೂಡಲೇ ಕೇರಿಯವರಿಗೆ ಕೇಳಬಾರದೆಂದು ಎದ್ದು ಹೋಗಿ ಅಗಳಿ ಹಾಕುತ್ತಿದ್ದಳು. ಮುಗಿದ ಮೇಲೆ ಉಪ್ಪನ್ನು ಹುರಿದು ಬಟ್ಟೆಯಲ್ಲಿ ಕಟ್ಟಿ ಅವ್ವನ ಬೆನ್ನಿಗೆ ಶಾಖ ಕೊಡುತ್ತಿದ್ದವಳೂ ಅವಳೇ. ಅವಳ ಎಡಗೈಯ ಎರಡು ಬೆರಳು ಸೊಟ್ಟಗಿದ್ದವು. ಅದು ನನ್ನ ಅಜ್ಜನ ಕೆಲಸ ಎಂದು ಆಮೇಲೆ ತಿಳಿಯಿತು. ಶಾಖ ಕೊಡುತ್ತ ಅವ್ವನಿಗೆ ಬುದ್ಧಿ ಹೇಳುತ್ತಿದ್ದಳು.

"ಅಂವನ ಸಿಟ್ಟು ನಿನಗ ಗೊತ್ತದ. ಸಿಟ್ಟು ಬರಲಾರದಂಗ ಇರಬೇಕು."

"ಹ್ಯಾಂಗ ಇರಬೇಕು ಹೇಳ್ರಿ ಅತ್ತಿ, ಹಾಂಗ ಇರ್ತೀನಿ."

ಆಯಿ ಉಪ್ಪಿನ ಗಂಟನ್ನು ಮತ್ತೆ ಹಂಚಿನ ಮೇಲೆ ಇಡುತ್ತಿದ್ದಳು. ಅಪ್ಪನಾದರೋ ಅಷ್ಟರಲ್ಲಿ ಕೈಕಾಲು ತೊಳೆದು ದೇವರ ಗೂಡಿನ ಮುಂದೆ ನಿಂತಿರುತ್ತಿದ್ದ. ಬೀರಪ್ಪನ ಅರಿಸಿನಕ್ಕೆ ನಾವು ಭಂಡಾರ ಎನ್ನುತ್ತೇವೆ. ಅದನ್ನು ಹಣೆಗೆ ಹಚ್ಚಿಕೊಂಡು, ಎರಡೂ ಕೆನ್ನೆ ಬಡಿದುಕೊಂಡು, ತಪ್ಪಾಯಿತು ತಂದೆ, ಹೊಟ್ಟೆಯೊಳಗೆ ಹಾಕಿಕೋ ಎಂದು ಬೇಡಿಕೊಳ್ಳುತ್ತಿದ್ದ. ತಪ್ಪಾಯಿತು ಎಂದು ದೇವರಿಗೆ ಹೇಳುತ್ತಿದ್ದನೇ ಹೊರತು ನಾಲ್ಕು ಹೆಜ್ಜೆ ಆಚೆ ಬೋರಲು ಮಲಗಿದ್ದವಳಿಗಲ್ಲ. ದೇವರಿಗೆ ಎಲ್ಲಿ ನೋವಾಗಿತ್ತೋ ಕಾಣೆ.

ನನಗೆ ಆರು ತುಂಬಿದ ವರ್ಷ ಜಗಳ ಕುರಿಗಳ ಮೇಲೆ ನಿಂತಿತು. ಅವ್ವ ಮದುವೆಯಾಗಿ ಬರುವಾಗ ನಿಲಂಗಾ ಕಡೆಯ ತವರಿನಿಂದ ಒಂದು ಸಣ್ಣ ಹಿಂಡು ಹೊಡೆದುಕೊಂಡು ಬಂದಿದ್ದಳು. ಅವುಗಳ ಎಡಕಿವಿಯಲ್ಲಿ ಅವಳ ತವರಿನ ಗುರುತಿನ ಕಚ್ಚು ಇತ್ತು. ಹಟ್ಟಿಯಲ್ಲಿ ಎಲ್ಲವೂ ಒಂದೇ ಆದರೂ ಅವು ಅವಳವು ಎಂದು ಕುರಿಗಳಿಗೂ ಗೊತ್ತಿತ್ತು. ಅವಳು ಬಂದರೆ ಅವು ಬೇರೆ ದನಿಯಲ್ಲಿ ಕೂಗುತ್ತಿದ್ದವು. ಅಪ್ಪನಿಗೆ ಕುರಿ ಮಾರಿ ಎತ್ತು ಕಟ್ಟುವ ಹುಚ್ಚು ಹಿಡಿಯಿತು. ದಿನ ಬೆಳಗಾದರೆ ಮನೆಯಲ್ಲಿ ಒಂದೇ ಮಾತು.

"ಉದಗೀರ ಸಂತಿಗಿ ಹೊಡ್ಕೊಂಡು ಹೋಗಿ ಮಾರ್ತೀನಿ."

"ನನ್ನ ತವರಿನವು ಮಾರಬ್ಯಾಡ್ರಿ. ಮಾರೋದಿದ್ರ ನಿಮ್ಮವು ಮಾರ್ರಿ."

"ನಂದು ನಿಂದು ಅಂತೀಯೇನ? ಈ ಮನ್ಯಾಗ ಇದ್ದದ್ದೆಲ್ಲಾ ಮಾರ್ತೀನಿ. ಕುರಿ ಮಾರ್ತೀನಿ, ಕೊಪ್ಪರಗಿ ಮಾರ್ತೀನಿ, ಆ ಮುದುಕೀನೂ ಮಾರ್ತೀನಿ."

ನಾನು ಅಂದು ಇಡೀ ದಿನ ಆಯಿಯ ಸೆರಗು ಬಿಡಲಿಲ್ಲ. ಅವಳು ತಿಪ್ಪೆಗೆ ಹೋದರೆ ತಿಪ್ಪೆಗೆ, ನೀರಿಗೆ ಹೋದರೆ ನೀರಿಗೆ.

"ಆಯಿ, ಅಪ್ಪ ನಿನಗ ಮಾರ್ತಾನೇನ?"

"ನನಗ ಯಾರ್ ತೊಗೋತಾರ ಖೋಡಿ. ಬಾಯಾಗ ಹಲ್ಲಿಲ್ಲ, ಕೆಚ್ಚಲದಾಗ ಹಾಲಿಲ್ಲ. ಅಂವಾ ಸಿಟ್ಟಿನಾಗ ಅಂದಾನ, ಮಾರಂಗಿಲ್ಲ."

ಆ ಮಾತಿನಿಂದ ನನಗೆ ಜೀವ ಬಂದಂತಾಯಿತು. ಅಪ್ಪ ಆಯಿಯನ್ನು ಮಾರುವುದಿಲ್ಲ. ಇದು ನನಗೆ ಆಗ ಗೊತ್ತಿದ್ದ ಅತ್ಯಂತ ದೊಡ್ಡ ಸತ್ಯ.

ಕುರಿಗಳನ್ನು ಮಾತ್ರ ಅವನು ಹೊಡೆದುಕೊಂಡು ಹೊರಟೇಬಿಟ್ಟ. ಬೆಳಗಿನ ಹೊತ್ತು. ಅವ್ವ ಹಟ್ಟಿಯ ಬಾಗಿಲಲ್ಲಿ ಎರಡೂ ಕೈ ಅಗಲಿಸಿ ನಿಂತಳು. ಪಕ್ಕಕ್ಕೆ ಸರಿ ಎಂದ ಅಪ್ಪ. ಸರಿಯಲಿಲ್ಲ. ಇನ್ನೊಮ್ಮೆ ಹೇಳಲಿಲ್ಲ ಅವನು. ಬಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಬಲಗೈಯ ಮೇಲೆ ಇಳಿಸಿದ. ಒಣಗಿದ ತೊಗರಿಕಡ್ಡಿ ಮುರಿದಂಥ ಸಪ್ಪಳ ಬಂತು. ಅವ್ವ ಕೆಳಗೆ ಕೂತಳು. ಕುರಿಗಳು ಅವಳ ಎರಡೂ ಬದಿಯಿಂದ, ಕೆಲವು ಅವಳ ಮೇಲಿಂದಲೇ ಜಿಗಿದು ಹೊರಗೆ ಹೋದವು. ಅವಳ ಮೊಣಕೈಯ ಕೆಳಗಿನ ಭಾಗ ಬೇರೆಯೇ ದಿಕ್ಕಿಗೆ ತಿರುಗಿ ನೇತಾಡುತ್ತಿತ್ತು. ನಾನು ಅದನ್ನು ಹಿಡಿದು ಸರಿಮಾಡಲು ಹೋದೆ. ಆಗ ಮಾತ್ರ ಅವಳು ಕೂಗಿಕೊಂಡಳು. ಅವಳ ಕೂಗನ್ನು ನಾನು ಮೊದಲ ಸಲ ಕೇಳಿದ್ದು ಅಂದು, ಅದೂ ನನ್ನ ಕೈಯಿಂದ.

ಸುದ್ದಿ ಮುಟ್ಟಿ ಮೂರನೇ ದಿನ ಸೋದರಮಾವ ಬಂದ. ಅವ್ವನ ಅಣ್ಣ, ದೊಡ್ಡ ರುಮಾಲಿನ, ಸಣ್ಣ ದನಿಯ ಮನುಷ್ಯ. ಅವನು ಕೇರಿಯ ಹಿರಿಯರ ಹತ್ತಿರ ಹೋಗದೆ ನೇರ ಉಮರ್ಗಾ ಠಾಣೆಗೆ ಹೋಗಿ ಫಿರ್ಯಾದಿ ಕೊಟ್ಟ. ನಮ್ಮವರಲ್ಲಿ ಯಾರೂ ಹಾಗೆ ಮಾಡಿರಲಿಲ್ಲ. ಹೊಸದಾಗಿ ಬಂದ ಫೌಜದಾರ ಪುಣೆ ಕಡೆಯವನು, ಚಿಕ್ಕ ವಯಸ್ಸಿನವನು, ಮರಾಠಿ ಬಿಟ್ಟು ಬೇರೆ ಬಾರದವನು. ಅವನು ತಾನೇ ದಾಳಿಂಬದ ಚಾವಡಿಗೆ ಬಂದು ಕೂತ. ಮಾವ ಕೇಳಿದ್ದು ಇಷ್ಟೇ: ಹೊಡೆಯುತ್ತಾನೆ ಎಂದು ಸಾಬೀತಾದರೆ ತಂಗಿಯನ್ನೂ ಅವಳ ಕೂಸನ್ನೂ ತನ್ನ ಜೊತೆ ಕಳಿಸಬೇಕು, ಮಾರದೆ ಉಳಿದ ತವರಿನ ಕುರಿಗಳನ್ನೂ ಕೊಡಬೇಕು. ಅಪ್ಪ ಹೇಳಿದ್ದೂ ಇಷ್ಟೇ: ಮಾಳಿಗೆ ಮೇಲಿಂದ ಬಿದ್ದಿದ್ದಾಳೆ. ಆಗ ಊರ ಪಾಟೀಲ ನಮ್ಮ ಕಡೆಯ ರೂಢಿಯನ್ನು ಫೌಜದಾರನಿಗೆ ಬಿಡಿಸಿ ಹೇಳಿದ. ಗಂಡ ಹೆಂಡತಿ ಜಗಳದಲ್ಲಿ ಗಂಡನ ಮಾತನ್ನೂ ಹಿಡಿಯುವುದಿಲ್ಲ, ಹೆಂಡತಿಯ ಮಾತನ್ನೂ ಹಿಡಿಯುವುದಿಲ್ಲ. ಅದೇ ಮನೆಯ ಮೂರನೇ ಬಾಯಿ ಭಂಡಾರ ಹಿಡಿದು ಏನು ಹೇಳುತ್ತದೋ ಅದೇ ಖರೆ. ಕೇಳಲು ಬಹಳ ನ್ಯಾಯವಾಗಿದೆ. ಮೂರನೇ ಬಾಯಿ ಸಾಮಾನ್ಯವಾಗಿ ಗಂಡನ ತಾಯಿಯದೇ ಆಗಿರುತ್ತದೆ ಎಂಬುದನ್ನು ಪಾಟೀಲ ಹೇಳಲಿಲ್ಲ. ಆದರೆ ಅಂದು ಆಯಿ ಜ್ವರ ಎಂದು ಹೊದ್ದು ಮಲಗಿಬಿಟ್ಟಿದ್ದಳು. ಮಗನ ಪರ ಸುಳ್ಳು ಹೇಳಲಾರದೆ ಮಲಗಿದಳೋ, ಸೊಸೆಯ ಪರ ನಿಜ ಹೇಳಲಾರದೆ ಮಲಗಿದಳೋ, ಅಂತೂ ಉಳಿದದ್ದು ನಾನು.

ಹೆಂಗಸರು ಚಾವಡಿ ಕಟ್ಟೆ ಹತ್ತುವಂತಿರಲಿಲ್ಲ. ಅವ್ವ ಕೆಳಗೆ ಬೇವಿನ ಗಿಡದ ಹತ್ತಿರ, ಮುರಿದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಏನೂ ಕೇಳಿಸದಷ್ಟು ದೂರ ನಿಂತಿದ್ದಳು. ನನ್ನನ್ನು ಎತ್ತಿ ಕಟ್ಟೆಯ ಮೇಲೆ ನಿಲ್ಲಿಸಿದರು. ಮುಷ್ಟಿಯಲ್ಲಿ ಭಂಡಾರ ಕೊಟ್ಟರು. ಪಾಟೀಲ ಕೇಳಲು ಬಾಯಿ ತೆರೆದಾಗ ಫೌಜದಾರ ತಡೆದ. ಪಾಟೀಲನ ಮೀಸೆ ನೋಡಿ ಹುಡುಗಿ ಹೆದರಿಯಾಳು ಎಂದು ಇರಬೇಕು. ತಾನೇ ಎದ್ದು ಬಂದು, ಟೊಪ್ಪಿಗೆ ತೆಗೆದು, ನನ್ನ ಮುಂದೆ ಮೊಣಕಾಲೂರಿ ಕೂತ. ಅಷ್ಟು ಒಳ್ಳೆಯ ಕಣ್ಣುಗಳ ಪೊಲೀಸನನ್ನು ಆಮೇಲೆ ನನ್ನ ರಾಜಕೀಯದ ಬದುಕಿನಲ್ಲಿ ನಾನು ನೋಡಿಲ್ಲ, ಅವರ ಲಾಠಿ ಬೇಕಾದಷ್ಟು ತಿಂದಿದ್ದೇನೆ.

"ಘಾಬರೂ ನಕೋ, ಬಾಳ. ತುಝಾ ಬಾಪ್ ಆಯೀಲಾ ಮಾರ್ತೋ ಕಾ?"

ಮರಾಠಿ ಬಲ್ಲವರಿಗೆ ಇದು ಸರಳ ಪ್ರಶ್ನೆ. ಅವರಲ್ಲಿ ಆಯಿ ಎಂದರೆ ತಾಯಿ, ಮಾರುವುದು ಎಂದರೆ ಹೊಡೆಯುವುದು. ಹೆದರಬೇಡ ಮಗು, ನಿನ್ನ ಅಪ್ಪ ತಾಯಿಗೆ ಹೊಡೆಯುತ್ತಾನೇನು ಎಂದು ಅವನು ಕೇಳಿದ್ದ. ನನ್ನ ಕಿವಿಗೆ ಬಿದ್ದದ್ದು ನಮ್ಮ ಮನೆಯ ಮಾತು. ಅಪ್ಪ ಆಯಿಯನ್ನು ಮಾರುತ್ತಾನೇನು? ಈ ದೊಡ್ಡ ಮನುಷ್ಯ ನಮ್ಮ ಆಯಿಯ ಚಿಂತೆಯಲ್ಲಿ ಉಮರ್ಗಾದಿಂದ ಇಲ್ಲಿಯವರೆಗೆ ಬಂದಿದ್ದಾನೆ ಎಂದು ನನಗೆ ಎದೆ ತುಂಬಿ ಬಂತು. ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ಅವನ ಭಾಷೆಯಲ್ಲೇ, ಎಲ್ಲರಿಗೂ ಕೇಳುವಂತೆ ಹೇಳಿದೆ.

"ನಾಹಿ."

ಫೌಜದಾರ ನನ್ನ ಕೆನ್ನೆ ತಟ್ಟಿದ. ಕಟ್ಟೆಯ ಮೇಲಿದ್ದ ಗಂಡಸರೆಲ್ಲ ಒಮ್ಮೆಲೇ ಉಸಿರು ಬಿಟ್ಟರು. ಹುಡುಗಿಗೆ ಮಾತು ತಿಳಿದಿಲ್ಲ ಎಂದು ಅವರಲ್ಲಿ ಒಬ್ಬಿಬ್ಬರಿಗಾದರೂ ಹೊಳೆದಿರಬೇಕು. ಎರಡೂ ಭಾಷೆ ಬಲ್ಲವರೇ ಎಲ್ಲರೂ. ಮಾವ ಮುಂದೆ ಬಂದು, ಕನ್ನಡದಾಗ ಕೇಳ್ರಿ ಎಂದ. ಪಾಟೀಲ ಬಿಡಲಿಲ್ಲ.

"ಭಂಡಾರ ಹಿಡದು ಹೇಳ್ಯಾಳ. ಒಂದು ಪಂಚಾಯ್ತಿಗಿ ಎರಡು ಸಲ ಭಂಡಾರ ಹಿಡಸಂಗಿಲ್ಲ. ಮುಗೀತು, ಏಳ್ರಿ."

ಅಪ್ಪ ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಮನೆಗೆ ಹೊರಟ. ಅವ್ವ ಹಿಂದೆ ಹಿಂದೆ ಬಂದಳು. ಮನೆ ಮುಟ್ಟಿದ ಮೇಲೆ ಒಲೆಯ ಕೋಣೆಯಲ್ಲಿ ಎಡಗೈಯಿಂದ ನನ್ನ ಮುಷ್ಟಿ ಬಿಡಿಸಿ, ಬೆವರಿಗೆ ಅಂಟಿದ ಭಂಡಾರ ಒರೆಸುತ್ತ ಕೇಳಿದಳು.

"ಏನ್ ಕೇಳಿದ್ರು ನಿನಗ?"

"ಅಪ್ಪ ಆಯೀಗಿ ಮಾರ್ತಾನೇನಂತ ಕೇಳಿದ್ರು. ನಾ ಇಲ್ಲ ಅಂದೆ."

ಮರಾಠಿ ಬಲ್ಲ ಅವ್ವ ನನ್ನ ಮುಖ ನೋಡಿದಳು. ಆಮೇಲೆ ನಕ್ಕಳು. ಮುರಿದ ಹಲ್ಲಿನ ಜಾಗ ಕಾಣುವ ಹಾಗೆ, ಸದ್ದಿಲ್ಲದೆ, ಹೊಟ್ಟೆ ಕುಣಿಸಿ ನಕ್ಕಳು. ಯಾಕೆ ನಗುತ್ತಿದ್ದಾಳೆ ಎಂದು ತಿಳಿಯದಿದ್ದರೂ ನಾನೂ ಕೂಡಿ ನಕ್ಕೆ.

ಇಲ್ಲಿಯವರೆಗಿನದನ್ನು ಬಹಳ ಜನ ಕೇಳಿದ್ದಾರೆ. ಸಮಾಜವಾದಿಗಳ ಕೆಂಪು ಟೊಪ್ಪಿಗೆ ಹಾಕಿಕೊಂಡು ಓಟು ಕೇಳಲು ಹೋದಾಗ, ಉಮರ್ಗಾದಿಂದ ಉದಗೀರದವರೆಗೆ, ಗುಂಜೋಟಿಯ ಕಟ್ಟೆಗಳ ಮೇಲೆ, ಸಾಸ್ತೂರಿನ ತೊಗರಿ ಕಣಗಳಲ್ಲಿ ಇದನ್ನೇ ಹೇಳಿದ್ದೇನೆ. ಚಂದಿ ಎಂಬ ಕುರಿಗಾರರ ಹುಡುಗಿ ಚಂದ್ರಾಬಾಯಿಯಾಗಿ ನಿಂತು ಹೇಳಿದ ಈ ಕತೆಗೆ ಕನ್ನಡದವರು ಆಯಿ ಎಂಬಲ್ಲಿ ನಗುತ್ತಿದ್ದರು, ಮರಾಠಿಯವರು ಮಾರ್ತೋ ಎಂಬಲ್ಲಿ. ಕೊನೆಗೆ ಹೆಂಗಸರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು. ಈ ಸೀಮೆಯಿಂದ ಮೊದಲ ಹೆಂಗಸಾಗಿ ನಾನು ವಿಧಾನಸಭೆಗೆ ಹೋದದ್ದರಲ್ಲಿ ಈ ಕತೆಯ ಪಾಲು ಸಣ್ಣದಲ್ಲ. ಅಲ್ಲಿಯೂ ಬಿಡಲಿಲ್ಲ. ಮನೆಯೊಳಗಿನ ಹೊಡೆತಕ್ಕೆ ಸಾಕ್ಷಿ ಎಲ್ಲಿಂದ ತರುವುದು ಎಂದು ಒಬ್ಬ ಮಂತ್ರಿ ನಕ್ಕಾಗ ಕೈಯಲ್ಲಿದ್ದ ಕಾಗದಗಳನ್ನು ಅವನ ಮುಖಕ್ಕೆ ಎಸೆದು ಇದೇ ಕತೆ ಹೇಳಿದೆ. ಹೊರಗೆ ಹಾಕಿದರು. ಮರುದಿನದ ಪತ್ರಿಕೆಗಳಲ್ಲಿ ನನ್ನ ಫೋಟೋ ಬಂತು. ಇನ್ನು ಮುಂದಿನದನ್ನು ನಾನು ಯಾವ ವೇದಿಕೆಯ ಮೇಲೂ ಹೇಳಿಲ್ಲ. ಈಗ ಯಾವ ಟಿಕೆಟ್ಟೂ ಬೇಕಾಗಿಲ್ಲ, ಯಾರ ಓಟೂ ಬೇಕಾಗಿಲ್ಲ, ಆದ್ದರಿಂದ ಹೇಳುತ್ತೇನೆ.

ಆ ನಾಹಿಯ ನಂತರ ಅಪ್ಪನಿಗೆ ನನ್ನ ಮೇಲೆ ವಿಪರೀತ ಪ್ರೀತಿ ಬಂತು. ಅಲ್ಲಿಯವರೆಗೆ ನನ್ನ ಕಡೆ ಅಷ್ಟಾಗಿ ನೋಡದಿದ್ದವನು ಬಜಾರಿಗೆ ಹೋದರೆ ಜಿಲೇಬಿ ತರತೊಡಗಿದ, ಉಣ್ಣುವಾಗ ಪಕ್ಕದಲ್ಲಿ ಕೂಡಿಸಿಕೊಳ್ಳತೊಡಗಿದ. ಒಂದು ದಿನ ಕೇರಿಯವರ ಮುಂದೆ ಹೇಳಿದ.

"ನನ್ನ ಮಗಳು ಫೌಜದಾರಗ ಮರಾಠಿದಾಗ ಜವಾಬ್ ಕೊಟ್ಟಾಳ. ಆಕೀಗಿ ಸಾಲಿಗಿ ಹಾಕ್ತೀನಿ."

ಹಾಕಿದ. ನಮ್ಮ ಕೇರಿಯಿಂದ ಶಾಲೆಗೆ ಹೋದ ಮೊದಲ ಹುಡುಗಿ ನಾನು. ಪಾಟಿ, ಬಳಪ, ಹೊಸ ಲಂಗ. ಹಳ್ಳ ಬಂದರೆ ಅಪ್ಪ ಹೆಗಲ ಮೇಲೆ ಹೊತ್ತು ದಾಟಿಸುತ್ತಿದ್ದ. ಅವನ ರುಮಾಲನ್ನು ಎರಡೂ ಕೈಯಲ್ಲಿ ಹಿಡಿದು ಮೇಲಿಂದ ಹೊಲ ನೋಡುವ ಸುಖವನ್ನು ನಾನು ಸುಳ್ಳು ಎನ್ನಲಾರೆ. ನನ್ನ ಓದಿನ ಬಗ್ಗೆ ಸನ್ಮಾನ ಪತ್ರಗಳಲ್ಲಿ ಏನೇನೋ ಬರೆಯುತ್ತಾರೆ. ಅದು ಅವ್ವನ ಮುರಿದ ಕೈಗೆ ಪ್ರತಿಯಾಗಿ ನನಗೆ ಸಿಕ್ಕದ್ದು.

ಆ ಮರಾಠಿ ಶಾಲೆಯಲ್ಲೇ ನನಗೆ ಗುಟ್ಟು ತಿಳಿಯಿತು. ಅಕ್ಷರದ ಪುಸ್ತಕದಲ್ಲಿ ಆ ಎಂಬುದಕ್ಕೆ ಆಯಿ ಎಂದು ಬರೆದು, ಕೂಸನ್ನು ಎತ್ತಿಕೊಂಡ ಹರೆಯದ ಹೆಂಗಸಿನ ಚಿತ್ರ ಹಾಕಿದ್ದರು. ಇದು ಆಯಿ ಅಲ್ಲ, ಆಯಿಗೆ ಕೂದಲು ಬೆಳ್ಳಗಿರುತ್ತದೆ ಎಂದು ನಾನು ಗುರುಗಳ ಜೊತೆ ವಾದ ಮಾಡಿದೆ. ಹುಡುಗರೆಲ್ಲ ನಕ್ಕರು. ಅದೇ ವಾರ ಒಬ್ಬ ನನ್ನ ಜಡೆ ಎಳೆದು ಬೆನ್ನಿಗೆ ಗುದ್ದಿದಾಗ ಗುರುಗಳು ಅವನಿಗೆ, ತಿಲಾ ಮಾರೂ ನಕೋಸ್ ಎಂದು ಗದರಿಸಿದರು. ಅವನು ನನ್ನನ್ನು ಎಲ್ಲಿ ಮಾರುತ್ತಿದ್ದ? ಗುದ್ದುತ್ತಿದ್ದ. ಚಾವಡಿಯ ಪ್ರಶ್ನೆ ಒಂದೊಂದೇ ಶಬ್ದವಾಗಿ ತಿರುಗಿ ನನ್ನ ಮುಂದೆ ಬಂದು ನಿಂತಿತು. ಅಂದು ಸಂಜೆ ಮನೆಗೆ ಹೋಗಿ ಅವ್ವನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಏನೋ ಒಂದು ನನ್ನ ಕೈಬಿಟ್ಟು ಹೋಗುತ್ತದೆ ಎಂದು ನನಗೆ ಅನಿಸಿತು, ಏಳು ವರ್ಷದವಳಿಗೆ ಇಂಥವು ಬೇಗ ಅನಿಸುತ್ತವೆ.

ಹೊಡೆತ ನಿಂತಿರಲಿಲ್ಲ. ಚಾವಡಿಯ ಮೇಲೆ ಗೆದ್ದವನಿಗೆ ಇನ್ನು ಯಾರ ಭಯ? ಅವ್ವನ ಕೈ ಸೊಟ್ಟಗೆ ಕೂಡಿಕೊಂಡಿತ್ತು, ಕೊಡ ಎತ್ತಲು ಬರುತ್ತಿರಲಿಲ್ಲ. ಕೊಡ ಎತ್ತಲಾಗದ್ದಕ್ಕೂ ಹೊಡೆಯುತ್ತಿದ್ದ. ಮುಂದಿನ ಬೇಸಿಗೆಗೆ ಅವಳು ಬಸುರಿ. ಐದು ತಿಂಗಳು ತುಂಬಿತ್ತು. ಒಂದು ಮಧ್ಯಾಹ್ನ ನೀರಿನ ಕೊಡ ಹೊಸಿಲ ಮೇಲೆ ಬಿದ್ದು ಒಡೆಯಿತು, ನೀರು ಪಡಸಾಲೆಗೆ ಹರಿದು ಅಪ್ಪನ ಕಂಬಳಿ ತೊಯ್ದಿತು. ಅಪ್ಪ ಬಡಿಗೆ ತೆಗೆದುಕೊಳ್ಳಲಿಲ್ಲ, ಕಾಲು ಬಳಸಿದ. ಒಂದಲ್ಲ, ಎರಡಲ್ಲ. ಅವ್ವ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡು ಗೋಡೆಯ ಕಡೆ ಹೊರಳಿದಳು, ಅವನು ಗೋಡೆಯ ಕಡೆಯಿಂದ ಬಂದ. ಆಯಿ ಅಂದು ಕದ ಹಾಕಲಿಲ್ಲ. ನಡುವೆ ಬಿದ್ದಳು, ಅವಳನ್ನೂ ತಳ್ಳಿದ. ಮರುದಿನ ಕೂಸು ಹೋಯಿತು. ಆಯಿ ಅದನ್ನು ಹಳೆಯ ಸೀರೆಯ ಚೂರಿನಲ್ಲಿ ಸುತ್ತಿ ಹಟ್ಟಿಯ ಹಿಂದೆ ಹೂತು ಬಂದಳು, ಗಂಡು ಇತ್ತು ಎಂದು ಎದೆ ಬಡಿದುಕೊಂಡು ಅತ್ತಳು. ನನಗೆ ಇಂದಿಗೂ ಆ ಅಳುವಿನ ಮೇಲೆ ಸಿಟ್ಟಿದೆ. ಹೆಣ್ಣಾಗಿದ್ದರೆ ಏನು ಮಾಡುತ್ತಿದ್ದಳು?

ಈ ಸಲ ಮಾವ ಠಾಣೆಗೆ ಹೋಗಲಿಲ್ಲ. ತನ್ನ ಕಡೆಯ ಇಬ್ಬರು ಹಿರಿಯರನ್ನು ಕರೆದುಕೊಂಡು ನೇರ ನಮ್ಮ ಪಡಸಾಲೆಗೆ ಬಂದ. ಹುಡುಗಿಗೆ ಅಂದು ಭಾಷೆ ತಿಳಿದಿರಲಿಲ್ಲ ಎಂದು ಅವ್ವ ಅವನಿಗೆ ಹೇಳಿ ಕಳಿಸಿದ್ದಳು. ಒಂದು ವರ್ಷ ಅವಳು ಆ ಒಂದು ಮಾತನ್ನು ಹಿಡಿದು ಬದುಕಿದ್ದಳು ಎಂದು ಈಗ ನನಗೆ ಗೊತ್ತಾಗುತ್ತದೆ. ಇನ್ನೊಮ್ಮೆ ಕನ್ನಡದಲ್ಲಿ ಕೇಳಿದರೆ ಸಾಕು, ನನ್ನ ಚಂದಿ ಹೇಳುತ್ತಾಳೆ. ಅವತ್ತು ಬೆಳಿಗ್ಗೆಯೇ ಅವಳು ಎರಡು ಸೀರೆ, ನನ್ನ ಲಂಗ ಗಂಟು ಕಟ್ಟಿ ಒಲೆಯ ಪಕ್ಕ ಇಟ್ಟಿದ್ದಳು. ಹಿರಿಯರು ಕೈಕಾಲು ತೊಳೆಯಲು ಹೋದಾಗ ಮಾವ ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡ.

"ನಮ್ಮೂರಿಗಿ ಬರ್ತೀಯೇನವ್ವ, ಅವ್ವನ ಕೂಡ?"

"ಮಾವ, ನಿಮ್ಮೂರಾಗ ಸಾಲಿ ಅದೇನು?"

"ಸಾಲಿ ಯಾಕವ್ವ? ಕುರಿ ಅವ, ಗುಡ್ಡ ಅದ, ನಿನ್ನ ವಾರಿಗಿ ಹುಡುಗೇರು ಅದಾರ. ಆಡ್ಕೋತ ಇರು."

ಪ್ರೀತಿಯಿಂದ ಹೇಳಿದ. ಪಾಪ, ಅದಕ್ಕಿಂತ ಕೆಟ್ಟ ಉತ್ತರ ಅವನು ಕೊಡಲು ಸಾಧ್ಯವಿರಲಿಲ್ಲ.

ಕಂಬಳಿ ಹಾಸಿ ಎಲ್ಲರೂ ಕೂತರು. ದಾಳಿಂಬದ ಪಾಟೀಲನೂ ಬಂದಿದ್ದ. ಅಪ್ಪ ಕಂಬಕ್ಕೆ ಒರಗಿ ಕೂತಿದ್ದ. ಮುಖ ಸಪ್ಪಗಾಗಿತ್ತು, ನನ್ನ ಕಡೆಯೇ ನೋಡುತ್ತಿದ್ದ. ಅವನಿಗೆ ಭಯವಾಗಿತ್ತು. ಅವನ ಭಯವನ್ನು ನಾನು ನೋಡಿದ್ದು ಅದೊಂದೇ ಸಲ, ನಾನು ಏನು ಹೇಳುತ್ತೇನೋ ಎಂಬ ಭಯ ಅದು. ಅವ್ವ ಒಲೆಯ ಕೋಣೆಯ ಬಾಗಿಲಲ್ಲಿ ಕೂತಿದ್ದಳು, ಇನ್ನೂ ರಕ್ತ ನಿಂತಿರಲಿಲ್ಲ, ತುಟಿ ಬಿಳಚಿತ್ತು. ಈ ಸಲ ಎಲ್ಲವೂ ಕೇಳುವಷ್ಟು ಹತ್ತಿರವಿದ್ದಳು. ಹಿರಿಯರಲ್ಲಿ ಮುದುಕನಾದವನು ದೇವರ ಗೂಡಿನಿಂದ ಭಂಡಾರ ತೆಗೆದು ನನ್ನ ಮುಷ್ಟಿಯಲ್ಲಿ ಇಟ್ಟ.

"ಮರಾಠಿ ಗಿರಾಠಿ ಬ್ಯಾಡ. ನಮ್ಮ ಮಾತಿನಾಗ ಕೇಳ್ತೀನಿ, ನಮ್ಮ ಮಾತಿನಾಗೇ ಹೇಳು ಯವ್ವಾ. ನಿಮ್ಮಪ್ಪ ನಿಮ್ಮವ್ವಗ ಹೊಡೀತಾನೇನು?"

ಒಂದೊಂದು ಶಬ್ದವೂ ತಿಳಿಯಿತು. ಅಪ್ಪ, ಅವ್ವ, ಹೊಡೆಯುವುದು. ಮಾವ ಮುಂದೆ ಬಾಗಿದ. ನನ್ನ ಪಾಟಿ ಗೋಡೆಗೆ ಒರಗಿಸಿದ್ದು ಅಲ್ಲೇ ಕಾಣುತ್ತಿತ್ತು, ಅದರ ಮೇಲೆ ಬೆಳಿಗ್ಗೆ ಬರೆದ ಅಕ್ಷರಗಳಿದ್ದವು.

"ಇಲ್ಲ," ಎಂದೆ.

ಮಾವ ನನ್ನ ಎರಡೂ ಭುಜ ಹಿಡಿದ. ಅವನ ಸಣ್ಣ ದನಿ ಒಡೆದಿತ್ತು.

"ಚಂದಿ, ನನ್ನ ಮಾರಿ ನೋಡಿ ಹೇಳು. ನೀ ನೋಡೀಯಲ್ಲ? ಕೈ ಮುರಿದಾಗ ನೀ ಅಲ್ಲೇ ಇದ್ದೆಲ್ಲ?"

ನನಗೆ ಅಳು ಬಂತು. ಇನ್ನೊಂದು ಮಾತು ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ, ಇಲ್ಲವೋ. ಹೇಳಿಬಿಡುತ್ತಿದ್ದೆ ಎಂದು ಬರೆಯಲು ನನಗೆ ಧೈರ್ಯವಿಲ್ಲ. ಸುಳ್ಳು ಭಂಡಾರ ಹಿಡಿದ ಮಕ್ಕಳಿಗೆ ಊರಲ್ಲಿ ಏನು ಹೆಸರು ಬರುತ್ತದೆ, ಆ ಹೆಣ್ಣುಮಕ್ಕಳನ್ನು ಮುಂದೆ ಯಾರು ಮನೆ ತುಂಬಿಸಿಕೊಳ್ಳುತ್ತಾರೆ ಎಂಬುದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಅವ್ವನಿಗೆ ಗೊತ್ತಿತ್ತು. ಬಾಗಿಲು ಹಿಡಿದು ಎದ್ದು ನಿಂತಳು. ಗಂಡಸರ ಪಂಚಾಯ್ತಿಯಲ್ಲಿ ಅವಳು ಬಾಯಿ ತೆರೆದದ್ದು ಅದೇ ಮೊದಲು, ಅದೇ ಕೊನೆ.

"ಬಿಡು ಅಣ್ಣಾ ಆಕೀಗಿ. ಆಕಿ ಖರೇನೇ ಹೇಳ್ಯಾಳ. ನಾನೇ ಸುಳ್ಳು ಹೇಳಿ ನಿನಗ ಕರಸೀನಿ."

ಮಾವ ರುಮಾಲು ಸರಿಮಾಡಿಕೊಂಡು ಎದ್ದ. ನಮ್ಮ ಮನೆಯ ನೀರು ಕುಡಿಯಲಿಲ್ಲ, ಮುಂದೆ ಎಂದೂ ಬರಲಿಲ್ಲ. ಅಪ್ಪ ದೇವರ ಗೂಡಿನ ಮುಂದೆ ಅಡ್ಡಬಿದ್ದ. ನಾನು ಅಂಗಳಕ್ಕೆ ಓಡಿ ಮುಷ್ಟಿ ಬಿಚ್ಚಿ ನೋಡಿಕೊಂಡೆ. ಕೈ ಸುಟ್ಟಿರಲಿಲ್ಲ, ನಾಲಿಗೆ ಬಿದ್ದಿರಲಿಲ್ಲ, ಬೀರಪ್ಪ ಏನೂ ಮಾಡಿರಲಿಲ್ಲ. ನನ್ನ ನಾಸ್ತಿಕತೆಗೆ ಗೆಳೆಯರು ದೊಡ್ಡ ದೊಡ್ಡ ಪುಸ್ತಕಗಳ ಹೆಸರು ಹೇಳುತ್ತಾರೆ. ನಾನು ಹೌದು ಎಂದು ತಲೆ ಆಡಿಸುತ್ತೇನೆ.

ಅವ್ವ ಆ ಮನೆಯಲ್ಲಿ ಇನ್ನೂ ಒಂಬತ್ತು ವರ್ಷ ಇದ್ದಳು, ಅಲ್ಲೇ ಸತ್ತಳು. ಅಷ್ಟೂ ವರ್ಷದಲ್ಲಿ ಒಮ್ಮೆಯೂ ಯಾಕೆ ಹಾಗೆ ಹೇಳಿದೆ ಎಂದು ನನ್ನನ್ನು ಕೇಳಲಿಲ್ಲ. ಆ ಪಂಚಾಯ್ತಿಯ ಮರುದಿನ ಬೆಳಿಗ್ಗೆ ಏಳಲಾಗದಿದ್ದರೂ ಗೋಡೆ ಹಿಡಿದು ಎದ್ದಳು. ನನ್ನನ್ನು ಮುಂದೆ ಕೂಡಿಸಿಕೊಂಡು, ಸೊಟ್ಟ ಕೈಯಲ್ಲಿ ಕೂದಲು ಹಿಡಿದು, ನೆಟ್ಟಗಿನ ಕೈಯಲ್ಲಿ ಬಾಚಿ, ಜಡೆ ಹಾಕಿದಳು. ರೊಟ್ಟಿ ಕಟ್ಟಿಕೊಟ್ಟಳು.

"ಹೋಗು," ಎಂದಳು. "ಸಾಲಿಗಿ ಹೊತ್ತಾಗ್ತದ."